ಎತ್ತಿಗೆ ಜ್ವರ, ಸೆನ್ಸರ್‌ಗೆ ಬರೆ

ನನ್ನ ಪೆಟ್ರೋಲ್ ಕಾರು ತಣ್ಣಗಿದ್ದಾಗ ಯಾವ ತಕರಾರೂ ಇಲ್ಲದೆ ಸ್ಟಾರ್ಟ್ ಆಗುತ್ತಿತ್ತು. ಎಂಜಿನ್ ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಮಾತ್ರ ನಡುಗಲು ತೊಡಗಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿದೊಡನೆ ಏನೂ ನಡೆದೇ ಇಲ್ಲವೆಂಬಂತೆ ಸುಮ್ಮನಾಗುತ್ತಿತ್ತು. ಚೆಕ್ ಎಂಜಿನ್ ದೀಪ ಹೊತ್ತಿಕೊಂಡಾಗ ಸ್ಕ್ಯಾನರ್ ತೋರಿಸಿದ ಕೋಡ್ ಪಿ0171. ಗ್ಯಾರೇಜಿನವರು, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರನ್ನು ಬದಲಿಸಿದರು. ಕೆಲವೇ ದಿನಗಳಲ್ಲಿ ಅದೇ ದೀಪ, ಅದೇ ಕೋಡ್.

ಈ ಕೋಡ್ ಯಾವ ಬಿಡಿಭಾಗವನ್ನೂ ಹೆಸರಿಸುವುದಿಲ್ಲ. ಗಾಳಿ-ಪೆಟ್ರೋಲ್ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿದೆ, ಎಂಜಿನ್ನಿನ ಕಂಪ್ಯೂಟರಾದ ಇಸಿಯು ತನ್ನ ಮಿತಿಯವರೆಗೆ ಪೆಟ್ರೋಲ್ ಏರಿಸಿದರೂ ಸರಿಹೋಗುತ್ತಿಲ್ಲ ಎಂಬುದಷ್ಟೇ ಅದರ ಅರ್ಥ. ತೂಕದ ಲೆಕ್ಕದಲ್ಲಿ 1 ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಇರಬೇಕು. ಆ ಲೆಕ್ಕ ತಪ್ಪಿದೆಯೆಂದು ನಿಷ್ಠೆಯಿಂದ ವರದಿ ಮಾಡಿದ ಸೆನ್ಸರನ್ನೇ ಕಿತ್ತುಹಾಕುವುದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆಯೇ ಸರಿ. ಕೋಡನ್ನು ಓದಿ ಬಿಡಿಭಾಗ ತರಿಸುವ ಈ ಅಭ್ಯಾಸವನ್ನು ರಿಪೇರಿ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಅದೇ ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ ತೆರೆದು ಫ್ಯುಯೆಲ್ ಟ್ರಿಮ್, ಅಂದರೆ ಇಸಿಯು ಪೆಟ್ರೋಲನ್ನು ಎಷ್ಟು ಏರಿಸಿದೆ ಅಥವಾ ಇಳಿಸಿದೆ ಎಂಬ ಲೆಕ್ಕ, ನೋಡಿದೆ. ಐಡ್ಲಿಂಗ್‌ನಲ್ಲಿ (ಕಾರು ನಿಂತು ಎಂಜಿನ್ ಮಾತ್ರ ಓಡುತ್ತಿರುವಾಗ) ಶೇ. 22ರಷ್ಟು ಹೆಚ್ಚುವರಿ ಪೆಟ್ರೋಲ್ ಹೋಗುತ್ತಿತ್ತು. ಎಂಜಿನ್ನನ್ನು 2500 ಆರ್‌ಪಿಎಂಗೆ ಏರಿಸಿ ಹಿಡಿದರೆ ಅದು ಶೇ. 4ಕ್ಕೆ ಇಳಿಯುತ್ತಿತ್ತು. ನನ್ನ ಮಟ್ಟಿಗೆ ಇಡೀ ಒಗಟು ಬಿಡಿಸಿಕೊಂಡದ್ದು ಈ ಎರಡು ಅಂಕಿಗಳ ಅಂತರದಲ್ಲಿ. ಐಡ್ಲಿಂಗ್‌ನಲ್ಲಿ ಗಾಳಿಯ ಬಾಗಿಲಾದ ಥ್ರಾಟಲ್ ಬಹುಪಾಲು ಮುಚ್ಚಿರುವುದರಿಂದ, ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ನಿರ್ವಾತ ಜೋರಾಗಿರುತ್ತದೆ, ಸಣ್ಣ ಬಿರುಕಿದ್ದರೂ ಅಲ್ಲಿಂದ, ಒಳಬರುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಸೆನ್ಸರಿನ ಕಣ್ಣಿಗೆ ಬೀಳದ ಕಳ್ಳಗಾಳಿ ಒಳನುಗ್ಗುತ್ತದೆ. ಥ್ರಾಟಲ್ ತೆರೆದು ಎಂಜಿನ್ ಧಾರಾಳವಾಗಿ ಉಸಿರಾಡತೊಡಗಿದಾಗ ಆ ಸೋರಿಕೆಯ ಪಾಲು ನಗಣ್ಯವಾಗುತ್ತದೆ. ಏರ್‌ಫ್ಲೋ ಸೆನ್ಸರ್ ಕೊಳೆಯಾಗಿದ್ದರೆ ಅಥವಾ ಫ್ಯುಯೆಲ್ ಪಂಪ್ ಸೋತಿದ್ದರೆ, ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧವಾಗಿ, ಲೋಡ್ ಏರಿದಂತೆ ಟ್ರಿಮ್ ಕೂಡ ಏರುತ್ತದೆ. ಇನ್ನು ತಣ್ಣಗಿನ ಎಂಜಿನ್‌ಗೆ ಇಸಿಯು ಹೇಗೂ ಪೆಟ್ರೋಲ್ ಹೆಚ್ಚಾಗಿಯೇ ಕೊಡುತ್ತದೆ, ಆಕ್ಸಿಜನ್ ಸೆನ್ಸರ್ ಬಿಸಿಯಾಗುವ ತನಕ ಅದರ ಮಾತಿಗೆ ಕಿವಿಗೊಡುವುದೂ ಇಲ್ಲ. ಬೆಳಗಿನ ಹೊತ್ತು ಕಾರು ಸಭ್ಯವಾಗಿರುತ್ತಿದ್ದುದಕ್ಕೆ ಕಾರಣ ಇದೇ.

ಸೋರಿಕೆ ಸಿಕ್ಕಿದ್ದು, ಎಂಜಿನ್ನಿನ ಒಡಲೊಳಗಿನ ಆವಿಯನ್ನು ಮರಳಿ ಸುಡಲು ಕಳಿಸುವ ಪಿಸಿವಿ ವಾಲ್ವ್‌ನಿಂದ ಮ್ಯಾನಿಫೋಲ್ಡ್‌ಗೆ ಹೋಗುವ ರಬ್ಬರ್ ಹೋಸ್‌ನ ತಿರುವಿನಲ್ಲಿ. ಮೇಲಿನಿಂದ ನೋಡಿದರೆ ಯಾವ ದೋಷವೂ ಕಾಣದು. ಬೆರಳನ್ನು ಅಡಿಗೆ ತೂರಿಸಿ ಸವರಿದಾಗ, ಎಣ್ಣೆ ಕುಡಿದು ಜಿಗುಟಾಗಿದ್ದ ರಬ್ಬರ್‌ನಲ್ಲಿ ಉಗುರಿನಷ್ಟುದ್ದದ ಸೀಳು ತಾಗಿತು. ಎಂಜಿನ್ ಓಡುತ್ತಿರುವಾಗಲೇ ಹೋಸನ್ನು ಸೀಳಿನ ಆಚೆ, ಮ್ಯಾನಿಫೋಲ್ಡ್‌ನ ಕಡೆಗೆ, ಇಕ್ಕಳದಿಂದ ಒತ್ತಿ ಹಿಡಿದೆ. ನಡುಕ ನಿಂತಿತು, ಪರದೆಯ ಮೇಲೆ ಟ್ರಿಮ್ ಕಣ್ಣೆದುರೇ ಇಳಿಯತೊಡಗಿತು.

ಹೋಸ್ ಬದಲಿಸಿದ ಮೇಲೆ, ಕುತೂಹಲಕ್ಕೆಂದು ಹಳೆಯ ಆಕ್ಸಿಜನ್ ಸೆನ್ಸರನ್ನು ಮರಳಿ ಜೋಡಿಸಿ ನೋಡಿದೆ. 0.1 ಮತ್ತು 0.9 ವೋಲ್ಟ್‌ಗಳ ನಡುವೆ ಚುರುಕಾಗಿಯೇ ಏರಿಳಿಯುತ್ತಿತ್ತು. ಈಗಲೂ ಕಾರಿನಲ್ಲಿರುವುದು ಅದೇ. ಹೊಸದು ಡಿಕ್ಕಿಯಲ್ಲಿ, ತನ್ನ ಡಬ್ಬಿಯೊಳಗೆ ಬಿದ್ದಿದೆ.