ಬೊಗಳದ ಪುಟ್ಟ

ಬದಿಯಡ್ಕದ ಕಡೆ ಅಂಗಳದಲ್ಲಿ ಅಡಿಕೆ ಹರವಿದ ಮನೆಯವರಿಗೆ ನಿದ್ದೆ ಅರ್ಧವೇ. ಹಣ್ಣಡಿಕೆ ಒಣಗಿ ಚಾಲಿ ಆಗಲು ಸುಮಾರು 40 ಬಿಸಿಲು ಬೇಕು. ಅಷ್ಟು ದಿನ ಬೆಳಗ್ಗೆ ಮಂಗನ ಚಿಂತೆ, ರಾತ್ರಿ ಕಳ್ಳನ ಚಿಂತೆ. ಆಚೆಮನೆಯಲ್ಲಿ ಎರಡು ಗೋಣಿ ಕಳವಾದ ಸುದ್ದಿ ಕೇಳಿದ್ದೇ, ಬೆಂಗಳೂರಿನ ಭಾವ ಗೆಳೆಯನೊಬ್ಬ ಸಾಕಲಾರದೆ ಬಿಟ್ಟ ಬುಲ್‌ಮ್ಯಾಸ್ಟಿಫ್ ನಾಯಿಯನ್ನು ಕಳಿಸಿಕೊಟ್ಟ.

ಜೀಪಿನಿಂದ ಇಳಿದದ್ದು ನಾಯಿಯೋ ಕರುವೋ ಅಂತ ಹಟ್ಟಿಯ ದನಗಳಿಗೂ ಗೊತ್ತಾಗಲಿಲ್ಲ. 55 ಕಿಲೋ ತೂಕ. ಹೆಸರು ಬ್ರೂಟಸ್. ಅಜ್ಜಿ 'ಪುಟ್ಟಸ್ಸು' ಅಂದರು. ಸಂಜೆಯೊಳಗೆ ಅದು ಪುಟ್ಟ ಆಯಿತು.

ಪುಟ್ಟನಿಗೆ ಒಂದೇ ದೋಷ. ಬೊಗಳುವುದಿಲ್ಲ. ಯಾರೇ ಬರಲಿ, ತಲೆ ಎತ್ತಿ ನೋಡುವುದು, ಪುನಃ ಚಾವಡಿಯ ತಣ್ಣನೆ ನೆಲಕ್ಕೆ ಕೆನ್ನೆ ಊರುವುದು. ಗೊರಕೆ ಮಾತ್ರ ಜೋರು. ಒಂದು ರಾತ್ರಿ ಅಮ್ಮ "ಸ್ವಲ್ಪ ಮಗ್ಗುಲಾಗಿ" ಅಂತ ಅಪ್ಪನನ್ನು ತಿವಿದರೆ, ಅಪ್ಪ ಎಚ್ಚರವಾಗಿಯೇ ಇದ್ದರು. ಜೊಲ್ಲಿನ ವಿಷಯ ಹೇಳಿ ಸುಖವಿಲ್ಲ. ಅದಕ್ಕೆಂದೇ ಒಂದು ಹಸಿರು ಬೈರಾಸು ತೆಗೆದಿಟ್ಟಿದ್ದೇವೆ.

ದನದ ಡಾಕ್ಟ್ರಿಗೆ ತೋರಿಸಿದೆ. "ಮೂತಿ ಗಿಡ್ಡ, ಸೆಕೆ ತಡೆಯುವುದಿಲ್ಲ. ಹಗಲು ನೆರಳಲ್ಲಿರಲಿ. ಊಟ ಎರಡು ಹೊತ್ತಿಗೆ ಹಂಚಿ ಕೊಡಿ. ಉಂಡ ಮೇಲೆ ಒಂದು ಗಂಟೆ ಓಡಿಸಬೇಡಿ. ಹೊಟ್ಟೆ ಉಬ್ಬಿ ಒಳಗೇ ತಿರುಚಿಕೊಂಡರೆ ಜೀವ ಹೋದೀತು" ಎಂದರು. ಬೊಗಳದ ದೂರಿಗೆ ನಕ್ಕರು. 19ನೇ ಶತಮಾನದ ಇಂಗ್ಲೆಂಡಿನಲ್ಲಿ ದೊಡ್ಡ ಜಮೀನ್ದಾರರ ಕಾಡಿಗೆ ರಾತ್ರಿ ಕದ್ದು ಬೇಟೆಗೆ ಬರುವವರನ್ನು ಹಿಡಿಯಲು, ಮ್ಯಾಸ್ಟಿಫ್‌ಗೂ ಬುಲ್‌ಡಾಗ್‌ಗೂ ಕೂಡಿಸಿ ಮಾಡಿದ ತಳಿಯಂತೆ. ಬೊಗಳಿದರೆ ಕಳ್ಳ ಓಡುತ್ತಾನಲ್ಲ? ಸದ್ದಿಲ್ಲದೆ ಬಂದು ಕೆಡವುವುದು, ಕಚ್ಚದೆ ಒತ್ತಿ ಹಿಡಿಯುವುದು, ಯಜಮಾನ ಬರುವವರೆಗೆ ಕಾಯುವುದು, ಇಷ್ಟೇ ಅದರ ಕಸುಬು. ನಮ್ಮ ಪುಟ್ಟನನ್ನು ನೋಡಿದವರು ಇದನ್ನು ನಂಬುವುದು ಹೇಗೆ? ಸುಮ್ನೆ ತಲೆಯಾಡಿಸಿ ಬಂದೆ.

ಏಪ್ರಿಲ್‌ನ ಒಂದು ಬೆಳಗಿನ ಜಾವ. ಇನ್ನೂ ಕತ್ತಲೆ. ಅಂಗಳದಲ್ಲಿ ಧೊಪ್ ಅಂತ ಸದ್ದಾಯಿತು.

"ಹಲಸಿನಹಣ್ಣು" ಎಂದರು ಅಪ್ಪ, ಹಾಸಿಗೆಯಿಂದಲೇ. "ಬಿದ್ದ ಸದ್ದು ನೋಡಿದರೆ ತುಳುವ, ಮೆತ್ತನೆ ತೊಳೆಯದ್ದು. ಬೆಳಗಾದ ಮೇಲೆ ನೋಡುವ."

ಐದು ನಿಮಿಷ ಬಿಟ್ಟು ಹಲಸಿನಹಣ್ಣು "ಭಾವಾ..." ಎಂದಿತು.

ಲೈಟ್ ಹಾಕಿ ನೋಡಿದರೆ, ಹೇಳದೆ ಕೇಳದೆ ರಾತ್ರಿ ಬಸ್ಸಿಗೆ ಹೊರಟು ಬಂದ ಭಾವ ಅಡಿಕೆಯ ಮೇಲೆ ಅಂಗಾತ. ಎದೆಯ ಮೇಲೆ ಪುಟ್ಟನ ಎರಡು ಮುಂಗಾಲು, ಹೊಟ್ಟೆಯ ಮೇಲೆ ಉಳಿದ ಪುಟ್ಟ. ಗುರ್ ಎನ್ನುವುದೂ ಇಲ್ಲ. ತುಟಿಯ ತುದಿಯಿಂದ ಜೊಲ್ಲಿನ ಎಳೆಯೊಂದು ನಿಧಾನಕ್ಕೆ ಇಳಿದು ಭಾವನ ಕನ್ನಡಕ ಮುಟ್ಟಿತು.

"ಕದಲಿದರೆ ಇನ್ನೂ ಒತ್ತುತ್ತದೆ ಮಾರಾಯ, ಒಮ್ಮೆ ತೆಗಿ ಇದನ್ನು!"

ನಾನು ಕರೆದದ್ದೇ ಪುಟ್ಟ ಎದ್ದು, ಬಾಲ ಅಲ್ಲಾಡಿಸಿ, ಚಾವಡಿಗೆ ಹೋಗಿ ಮಲಗಿತು. ಅಮ್ಮ ಗಡಿಬಿಡಿಯಲ್ಲಿ ಕೈಗೆ ಸಿಕ್ಕ ಬೈರಾಸು ತಂದುಕೊಟ್ಟರು. ಭಾವ ಮುಖ, ಕುತ್ತಿಗೆ ಎಲ್ಲ ಚೆನ್ನಾಗಿ ಒರೆಸಿಕೊಂಡ. ಹಸಿರು ಬಣ್ಣದ್ದು. ನಾವು ಯಾರೂ ಬಾಯಿ ಬಿಡಲಿಲ್ಲ.

ಈಗ ಭಾವ ಬರುವುದಿದ್ದರೆ ಬಸ್‌ಸ್ಟ್ಯಾಂಡಿನಿಂದಲೇ ಫೋನ್.

"ಪುಟ್ಟನದ್ದು ಊಟ ಆಯ್ತಾ?"

"ಈಗಷ್ಟೇ ಆಯ್ತು."

"ಹಾಗಾದರೆ ಇನ್ನೊಂದು ಗಂಟೆ ಓಡುವ ಹಾಗಿಲ್ಲ ಅಲ್ವಾ? ರಿಕ್ಷಾ ಹಿಡಿದು ಬಂದೆ."