ದುಡ್ಡಿಲ್ಲದ್ದಕ್ಕೆ ದಂಡ, ದಂಡಕ್ಕೆ ಜಿಎಸ್‌ಟಿ

ಮಗಳು ಏಳನೇ ಕ್ಲಾಸು. ಧನ ಸಂಖ್ಯೆ, ಋಣ ಸಂಖ್ಯೆ ತಲೆಗೆ ಹತ್ತುತ್ತಿಲ್ಲ ಅಂದಳು. "ಜಮಾ ಆದರೆ ಪ್ಲಸ್ಸು, ಖರ್ಚಾದರೆ ಮೈನಸ್ಸು, ಅಷ್ಟೇ ಕಣೇ" ಅಂತ ಬೀರುವಿನಿಂದ ಪಾಸ್‌ಬುಕ್ ತೆಗೆದೆ. ಅಲ್ಲೇ ಎಡವಿದ್ದು.

ಅದು ಹಿಂದಿನ ಕಂಪನಿಯ ಸಂಬಳದ ಖಾತೆ. ಕೆಲಸ ಬಿಟ್ಟ ಮೇಲೆ ಸದ್ದಿಲ್ಲದೆ ಮಾಮೂಲಿ ಉಳಿತಾಯ ಖಾತೆಯಾಗಿತ್ತು. ಒಳಗೆ 500 ರೂಪಾಯಿ ಇತ್ತು. ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ 200 ದಂಡ. ದಂಡದ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 36. ಬಡತನವೂ ಒಂದು ಸೇವೆ ನೋಡಿ, ತೆರಿಗೆ ಬೇಡ್ವಾ? ಮುಂದಿನ ತಿಂಗಳು ಮತ್ತೆ 236. ಉಳಿದಿದ್ದು 28.

"ಮೂರನೇ ತಿಂಗಳೂ 236 ಕಳೆದರೆ ಮೈನಸ್ 208 ಆಗ್ಬೇಕು. ಇಲ್ಲಿ ಸೊನ್ನೆ ಅಂತಿದೆಯಲ್ಲಪ್ಪ?"

ಲೆಕ್ಕ ಸರಿ ಮಗಳೇ. ಆದರೆ ಈ ದಂಡ ಒಂದರಿಂದಲೇ ಉಳಿತಾಯ ಖಾತೆ ಮೈನಸ್‌ಗೆ ಇಳಿಯಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ, 2015ರ ಏಪ್ರಿಲ್‌ನಿಂದ. ಅಂದರೆ ತಲೆ ಬೋಳಿಸಬಹುದು, ಚರ್ಮ ಕೀಳುವ ಹಾಗಿಲ್ಲ.

"ಹಾಗಾದ್ರೆ ಆ 208 ಎಲ್ಲಿ ಹೋಯ್ತು?"

ನೋಡೇಬಿಡೋಣ ಅಂತ ಮೊಬೈಲಿನಿಂದ 300 ಹಾಕಿದೆ. ಟಿಣ್ ಅಂತ ಮೆಸೇಜು: 300 ಜಮಾ. ಮೊಬೈಲ್ ಕೆಳಗಿಡುವ ಮೊದಲೇ ಇನ್ನೊಂದು ಟಿಣ್: 208 ಕಡಿತ. ಪಾಪ, ಬಾಗಿಲ ಹಿಂದೆ ಕಾದು ನಿಂತಿತ್ತು.

ಕ್ರಿ.ಶ. 628ರಲ್ಲೇ ಗಣಿತಜ್ಞ ಬ್ರಹ್ಮಗುಪ್ತ ಪ್ಲಸ್ಸಿಗೆ ಧನ, ಮೈನಸ್ಸಿಗೆ ಋಣ ಅಂತ ಕರೆದು ಸೂತ್ರ ಬರೆದಿಟ್ಟ. ಸೊನ್ನೆಯಲ್ಲಿ ಧನ ಕಳೆದರೆ ಋಣ. ಋಣವನ್ನು ಋಣದಿಂದ ಗುಣಿಸಿದರೆ ಧನ. ಈ ಎರಡನೆಯದು ಸ್ಕೂಲಲ್ಲಿ ನನಗೆ ಯಾವತ್ತೂ ಅರ್ಥವಾಗಿರಲಿಲ್ಲ. ಈಗ ಆಯ್ತು. ಋಣ ಎರಡೂ ನಮ್ಮದು, ಧನ ಬ್ಯಾಂಕಿನದು.

ಮರುದಿನ ಬ್ರಾಂಚಿಗೆ ಹೋದೆ. ಕೌಂಟರಿನಲ್ಲಿದ್ದವರು ಬಲು ಮರ್ಯಾದೆಯಿಂದ ಹೇಳಿದರು: "10,000 ಇಟ್ಬಿಡಿ ಸರ್, ದಂಡವೇ ಬೀಳಲ್ಲ."

"ಅಷ್ಟು ಇದ್ದಿದ್ರೆ ದಂಡ ಕಟ್ಟೋಕೆ ನನಗೇನ್ ಕಷ್ಟ ಇತ್ತು ಸರ್?"

ಅವರು ಕಂಪ್ಯೂಟರ್ ಕಡೆ ನೋಡಿದರು. ಸಿಸ್ಟಮ್ಮಿನಲ್ಲಿ ಆ ಪ್ರಶ್ನೆಗೆ ಬಟನ್ ಇರಲಿಲ್ಲ ಅನ್ಸುತ್ತೆ. ಜನ್ ಧನ್ ಖಾತೆಗೆ ಮಿನಿಮಮ್ ಬ್ಯಾಲೆನ್ಸ್ ಬೇಡ, ಗೊತ್ತು. ಆದರೆ ನಾನು ಒಂದು ಕಾಲಕ್ಕೆ ಸಂಬಳ ತಗೊಂಡವನು. ದುಡ್ಡಿಲ್ಲ ಅಂದರೆ ಕಂಪ್ಯೂಟರ್ ನಂಬಬೇಕಲ್ಲ.

ಸಂಜೆ ಮಗಳು ಮತ್ತೆ ಪಕ್ಕಕ್ಕೆ ಬಂದಳು. "ಈಗ 92 ಇದೆ ಅಲ್ವಾ ಅಪ್ಪ?"

ಹೂಂ ಅನ್ನುವಷ್ಟರಲ್ಲಿ ಟಿಣ್. ಮೆಸೇಜ್ ಕಳಿಸಿದ ಶುಲ್ಕ 15, ಜಿಎಸ್‌ಟಿ ಸೇರಿ 17.70 ಕಡಿತ.

ಅವಳು ಪುಸ್ತಕ ಮುಚ್ಚಿದಳು. "ದಶಮಾಂಶ ಮುಂದಿನ ಪಾಠ ಅಪ್ಪ. ಮಿಸ್ ಇನ್ನೂ ಮಾಡಿಲ್ಲ."