ಭಾನುವಾರದ ಬಳಗಕ್ಕೆ ಶುಲ್ಕ ಬೇಡ

ಕಳೆದ ಭಾನುವಾರ ನಮ್ಮ ಕಂಪ್ಯೂಟರ್ ಬಳಗಕ್ಕೆ ಹದಿನಾಲ್ಕು ಮಂದಿ ಬಂದಿದ್ದರು. ಬಾಗಲಕೋಟೆಯ ನವನಗರದ ಆ ಒಂದು ಕೋಣೆಗೆ ಅಷ್ಟು ಜನ ಹೆಚ್ಚೇ. ಎರಡು ಬೆಂಚು, ಪಕ್ಕದ ಮನೆಯಿಂದ ತಂದ ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಉಳಿದವರಿಗೆ ಜಮಖಾನೆ. ಬೆಳಿಗ್ಗೆ ಹತ್ತಕ್ಕೆ ಶುರುವಾದದ್ದು ಮಧ್ಯಾಹ್ನ ಒಂದೂವರೆಯಾದರೂ ಮುಗಿಯಲಿಲ್ಲ. ಕೊನೆಯ ಒಂದು ಗಂಟೆ ಪೂರ್ತಿ ಚರ್ಚೆಗೇ ಹೋಯಿತು. ಇನ್ನು ಮುಂದೆ ಬಳಗವನ್ನು ತರಗತಿಯಾಗಿ ನಡೆಸೋಣ, ತಿಂಗಳಿಗೆ ಇಷ್ಟೆಂದು ಶುಲ್ಕ ಇಡೋಣ, ಮೂರು ತಿಂಗಳು ಕಲಿತವರಿಗೆ ಪ್ರಮಾಣಪತ್ರ ಕೊಡೋಣ ಎಂಬ ಸಲಹೆ ಬಂದಿತ್ತು.

ಸಲಹೆ ಕೊಟ್ಟವರು ಬಳಗಕ್ಕಾಗಿ ನನಗಿಂತ ಹೆಚ್ಚು ದುಡಿದವರು. ಅವರ ಲೆಕ್ಕದಲ್ಲಿ ತಪ್ಪಿಲ್ಲ. ಕರೆಂಟು ಬಿಲ್ಲು ಕಟ್ಟಬೇಕು. ಸ್ಕ್ಯಾನರ್‌ನ ಗಾಜಿಗೆ ಗೀರು ಬಿದ್ದಿದೆ. ಎರಡು ಯಂತ್ರಗಳ ಹಾರ್ಡ್ ಡಿಸ್ಕ್ ಕೊನೆಯುಸಿರು ಎಳೆಯುತ್ತಿವೆ. ಆದರೂ ನಾನು ಬೇಡವೆಂದೆ. ಅಷ್ಟು ಜನರ ನಡುವೆ ಕಾರಣವನ್ನು ಸರಿಯಾಗಿ ಬಿಡಿಸಿ ಹೇಳಲು ನನಗೆ ಆಗಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ.

ಶ್ರಾವಣದಲ್ಲಿ ಒಬ್ಬ ನಿವೃತ್ತ ಮಾಸ್ತರರು ನಮ್ಮಲ್ಲಿಗೆ ಬಂದರು. ಕೈಚೀಲದಲ್ಲಿ ಒಂದು ಸಿ.ಡಿ. ಇತ್ತು, ಅದನ್ನು ಪಂಚೆಯ ತುಂಡಿನಲ್ಲಿ ಸುತ್ತಿದ್ದರು. 2003ರಲ್ಲಿ ಹಳೆಯ ಊರಿನ ನೆನಪುಗಳನ್ನು ಕೈಯಲ್ಲಿ ಬರೆದು, ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಟೈಪು ಮಾಡಿಸಿದ್ದರಂತೆ. ನೂರಾ ಹನ್ನೆರಡು ಪುಟ. ಕೈಬರಹದ ಪ್ರತಿ ಮನೆ ಬದಲಾಯಿಸುವಾಗ ಕಳೆದುಹೋಯಿತು, ಅಂಗಡಿಯೂ ಮುಚ್ಚಿತು. ಉಳಿದದ್ದು ಆ ಸಿ.ಡಿ. ಮಾತ್ರ. ಅದನ್ನು ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ. ತಲೆಯ ಮೇಲೆ ಚುಕ್ಕೆ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಮುದ್ದೆ. ಎರಡು ಕಡೆ ತೋರಿಸಿದಾಗ ಫೈಲ್ ಕೆಟ್ಟಿದೆ ಎಂದರಂತೆ. ಮೂರನೆಯ ಕಡೆ ಹೊಸದಾಗಿ ಟೈಪು ಮಾಡಲು ಪುಟಕ್ಕಿಷ್ಟು ಎಂದು ದರ ಹೇಳಿದರಂತೆ. ಯಾವುದನ್ನು ನೋಡಿ ಟೈಪು ಮಾಡುವುದು ಎಂದು ಅವರು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಫೈಲ್ ಕೆಟ್ಟಿರಲಿಲ್ಲ. ಬಾಗಲಕೋಟೆ ಜಿಲ್ಲೆಯಲ್ಲಿ ಇಂಥ ಸಾವಿರಾರು ಫೈಲುಗಳು ಮನೆಗಳಲ್ಲಿ, ಶಾಲೆಗಳಲ್ಲಿ, ಮಠಗಳ ಕಪಾಟುಗಳಲ್ಲಿ ಬಿದ್ದಿವೆ ಎಂದು ನನ್ನ ನಂಬಿಕೆ. ಆದ್ದರಿಂದ ಇದನ್ನು ವಿವರವಾಗಿಯೇ ಹೇಳುತ್ತೇನೆ. ಆ ಕಾಲದ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು. ಯಂತ್ರ ತನ್ನೊಳಗೆ ಬರೆದಿಟ್ಟುಕೊಂಡದ್ದು ಇಂಗ್ಲಿಷ್ ಗುರುತನ್ನು, ತೆರೆಯ ಮೇಲೆ ತೋರಿಸಿದ್ದು ಕನ್ನಡವನ್ನು. ಆ ಫಾಂಟ್ ಇದ್ದರೆ ಓದಬಹುದು, ಇಲ್ಲದಿದ್ದರೆ ಮುದ್ದೆ. ಜಗತ್ತಿನ ಲಿಪಿಗಳಿಗೆಲ್ಲ ಸಾಮಾನ್ಯವಾದ ಯೂನಿಕೋಡ್ ಎಂಬ ಸಂಕೇತ ಪದ್ಧತಿ ಬಂದ ಮೇಲೆ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಸಿಕ್ಕಿತು. ನಮ್ಮ ಲಿಪಿಗೆಂದು ಅದರಲ್ಲಿ 128 ಸ್ಥಾನಗಳನ್ನು ತೆಗೆದಿರಿಸಿದ್ದಾರೆ. 'ಕ' ಎಂದರೆ ಜಗತ್ತಿನ ಯಾವ ಯಂತ್ರದಲ್ಲಾದರೂ 3221. ಅದನ್ನು ಬಾಗಲಕೋಟೆಯಲ್ಲಿ ಒತ್ತಿದರೂ ಬರ್ಲಿನ್‌ನಲ್ಲಿ ಓದಬಹುದು, ಹುಡುಕಿದರೆ ಸಿಗುತ್ತದೆ, ದೃಷ್ಟಿಯಿಲ್ಲದವರಿಗೆ ಯಂತ್ರವೇ ಓದಿ ಹೇಳುತ್ತದೆ.

ಹಳೆಯದನ್ನು ಹೊಸದಕ್ಕೆ ಬದಲಿಸುವ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ನೂರಾ ಹನ್ನೆರಡು ಪುಟಗಳನ್ನು ಬದಲಿಸಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ತೆರೆಯ ಮೇಲೆ ಮೊದಲ ಸಾಲು ಮೂಡಿದಾಗ ಮಾಸ್ತರರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಯಾರೂ ಮಾತನಾಡಲಿಲ್ಲ.

ನಿಜವಾದ ಕೆಲಸ ಇದ್ದದ್ದು ಆಮೇಲೆ. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲಿ, ಅಂದರೆ ಅಕ್ಷರದ ನಂತರ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ಅದು ಉಚ್ಚಾರಣೆಯ ಕ್ರಮದಲ್ಲಿ ಇರಬೇಕು. 'ಸೂರ್ಯ' ಎನ್ನುವಾಗ ಬಾಯಿಗೆ ಮೊದಲು ಬರುವುದು 'ರ್', ಆಮೇಲೆ 'ಯ'. ಬದಲಿಸುವಾಗ ಇದು ಅಲ್ಲಲ್ಲಿ ತಪ್ಪುತ್ತದೆ. ಟೈಪು ಮಾಡಿದವರ ಆತುರದ ತಪ್ಪುಗಳೂ ಅದಕ್ಕೆ ಸೇರಿಕೊಂಡಿದ್ದವು. ಪ್ರತಿ ಸಾಲನ್ನೂ ಓದಲೇಬೇಕಾಯಿತು. ಒಬ್ಬರು ಗಟ್ಟಿಯಾಗಿ ಓದುವುದು, ಮಾಸ್ತರರು ಕೇಳಿ ತಿದ್ದುವುದು, ಇನ್ನೊಬ್ಬರು ಯಂತ್ರದಲ್ಲಿ ಸರಿಪಡಿಸುವುದು. ಹೀಗೆ ಆರು ಭಾನುವಾರ.

ಯಂತ್ರದ ಮುಂದೆ ಕೂತವರು ವಿದ್ಯಾಗಿರಿಯಿಂದ ಬರುವ ಒಬ್ಬ ಗೃಹಿಣಿ. ವರ್ಷದ ಹಿಂದೆ ಅವರು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆಯುತ್ತಿದ್ದರು. ಬಳಗದಲ್ಲಿ, ಕನ್ನಡ ಕಂಪ್ಯೂಟರ್ ತಜ್ಞ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ಕಲಿತರು. ಅದರ ಸೊಗಸು ಗೊತ್ತಿಲ್ಲದವರು ಒಮ್ಮೆ ಪ್ರಯತ್ನಿಸಿ ನೋಡಿ. 'ಕ' ಬೇಕಾದರೆ ಕೆ, 'ಖ' ಬೇಕಾದರೆ ಶಿಫ್ಟ್ ಜೊತೆ ಅದೇ ಕೀಲಿ, ಒತ್ತಕ್ಷರಕ್ಕೆ ನಡುವೆ ಎಫ್, 'ಟ' ಮತ್ತು 'ಡ' ಮಾತ್ರ ಕ್ಯೂ ಮತ್ತು ಡಬ್ಲ್ಯೂ ಕೀಲಿಗಳಲ್ಲಿ. 'ಬಾಗಲಕೋಟೆ' ಎಂದು ಬರೆಯಲು ಎಂಟೇ ಅಕ್ಷರದ ಕೀಲಿ ಸಾಕು. ಇಂದು ಆ ತಾಯಿಯಷ್ಟು ವೇಗವಾಗಿ ಟೈಪು ಮಾಡುವವರು ನಮ್ಮಲ್ಲಿ ಯಾರೂ ಇಲ್ಲ.

ಈಗ ಶುಲ್ಕದ ಮಾತಿಗೆ ಬರುತ್ತೇನೆ. ಈ ಆರು ಭಾನುವಾರಗಳಲ್ಲಿ ಗುರು ಯಾರು, ಶಿಷ್ಯರು ಯಾರು? ಮಾಸ್ತರರಿಂದ ಹಣ ಪಡೆಯಬೇಕಿತ್ತೇ? ತಿದ್ದುವಾಗ ಅವರು ನಮಗೆ ಕಲಿಸಿದ ಕನ್ನಡಕ್ಕೆ ನಾವು ಎಷ್ಟು ಕೊಡಬೇಕಿತ್ತು? ಆ ಗೃಹಿಣಿ ಕಲಿಯಲು ಬಂದವರೋ, ಕಲಿಸಲು ಬಂದವರೋ? ಶುಲ್ಕ ಕೊಟ್ಟವರು ಕೊಟ್ಟಷ್ಟನ್ನು ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು. ಪಾಠಪಟ್ಟಿ ಬರುತ್ತದೆ, ಪಾಠಪಟ್ಟಿಯಲ್ಲಿ ಇಲ್ಲದ ಸಿ.ಡಿ.ಯನ್ನು ಹಿಡಿದು ಬಂದ ಮುದುಕರು ಬಾಗಿಲಲ್ಲೇ ನಿಲ್ಲುತ್ತಾರೆ. ಪ್ರಮಾಣಪತ್ರ ಕೊಡುವ ತರಬೇತಿ ಕೇಂದ್ರಗಳು ನಮ್ಮ ಊರಿನಲ್ಲಿ ಬೇಕಾದಷ್ಟಿವೆ. ಕೆಲಸ ಹುಡುಕುವ ಮಕ್ಕಳಿಗೆ ಅವು ಬೇಕು, ಅವುಗಳ ಮೇಲೆ ನನಗೆ ದೂರಿಲ್ಲ. ಆದರೆ ಗೊತ್ತಿಲ್ಲ ಎಂದು ಸಂಕೋಚವಿಲ್ಲದೆ ಹೇಳಬಹುದಾದ ಇನ್ನೊಂದು ಕೋಣೆ ಯಾವುದಿದೆ, ತೋರಿಸಿ.

ಇನ್ನೊಂದು ಪ್ರಸಂಗ. ಎರಡಂಕಿಯ ಲೆಕ್ಕವನ್ನು, ಅಂದರೆ ಸೊನ್ನೆ ಮತ್ತು ಒಂದರಲ್ಲೇ ಯಂತ್ರ ಎಲ್ಲವನ್ನೂ ಹೇಗೆ ಬರೆದಿಡುತ್ತದೆ ಎಂಬುದನ್ನು ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ವಿವರಿಸುತ್ತಿದ್ದ. ಅರ್ಧ ಗಂಟೆಯಾದರೂ ಯಾರ ಮುಖವೂ ಅರಳಲಿಲ್ಲ. ಗುಳೇದಗುಡ್ಡದಿಂದ ಬರುವ ನೇಕಾರರೊಬ್ಬರು ಸುಮ್ಮನೆ ಕೂತಿದ್ದರು. ಆಮೇಲೆ ಅವರೇ ಬಾಯಿ ತೆರೆದರು: "ಇದು ನಮ್ಮ ಜಕಾರ್ಡಿನ ಪಟ್ಟಿಯಲ್ಲವೇ? ತೂತು ಇದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಏಳುವುದಿಲ್ಲ." ಕೋಣೆಯಲ್ಲಿದ್ದ ಎಲ್ಲರಿಗೂ ಒಮ್ಮೆಲೇ ಅರ್ಥವಾಯಿತು. ಚರಿತ್ರೆಯೂ ಅವರ ಪರವಾಗಿದೆ. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ 1804ರಲ್ಲಿ ತೂತಿನ ಪಟ್ಟಿಗಳಿಂದ ನಡೆಯುವ ಮಗ್ಗವನ್ನು ಮಾಡಿದ. ಅದೇ ಪಟ್ಟಿಯನ್ನು ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಯೋಜನೆಗೆ ತೆಗೆದುಕೊಂಡ. ಖಣ ನೇಯುವ ಊರಿನವರಿಗೆ ಕಂಪ್ಯೂಟರ್ ದೂರದ ನೆಂಟನೇನಲ್ಲ. ಆ ದಿನದಿಂದ ಹುಡುಗ ನೇಕಾರರನ್ನು ಗುರುಗಳೇ ಎಂದು ಕರೆಯುತ್ತಾನೆ.

ಇಂಥ ಬಳಗಗಳನ್ನು ಹೊತ್ತು ಕಳೆಯುವ ಕೂಟ ಎನ್ನುವವರಿಗೆ ಒಂದು ಹಳೆಯ ಸಂಗತಿ ನೆನಪಿಸುತ್ತೇನೆ. 1975ರ ಮಾರ್ಚ್ 5ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಗಾರ್ಡನ್ ಫ್ರೆಂಚ್ ಎಂಬವರ ಮನೆಯ ಗ್ಯಾರೇಜಿನಲ್ಲಿ ಕೆಲವು ಹವ್ಯಾಸಿಗಳು ಸೇರಿದರು. ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಹುಟ್ಟಿದ್ದು ಹಾಗೆ. ಸ್ಟೀವ್ ವೋಜ್ನಿಯಾಕ್ ತಾನು ಕಟ್ಟಿದ ಯಂತ್ರದ ನಕ್ಷೆಯ ಪ್ರತಿಗಳನ್ನು ಆ ಕ್ಲಬ್ಬಿನ ಗೆಳೆಯರಿಗೆ ಸುಮ್ಮನೆ ಹಂಚುತ್ತಿದ್ದ. ಅದೇ ಯಂತ್ರ ಮುಂದೆ ಆಪಲ್ ಕಂಪನಿಯ ಮೊದಲ ಕಂಪ್ಯೂಟರ್ ಆಯಿತು. ನಮ್ಮ ಕೋಣೆಯಿಂದ ಕಂಪನಿ ಹುಟ್ಟಲಿ ಎಂಬ ಆಸೆ ನನಗಿಲ್ಲ. ನನಗೆ ಬೇಕಾದದ್ದು ಆ ಹಂಚುವ ಗುಣ.

ಈ ತಿಂಗಳುಗಳ ಉಳಿದ ಸುದ್ದಿಯನ್ನೂ ಹೇಳಿಬಿಡುತ್ತೇನೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಬೇಕೆಂದರೆ ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಸಾಕಷ್ಟು ಹೊಸ ಪ್ರೊಸೆಸರ್ ಬೇಕು. ಇವಿಲ್ಲದ ಯಂತ್ರಗಳನ್ನು ಗುಜರಿಗೆ ಹಾಕಿ ಎಂಬ ಮಾತು ಅಂಗಡಿಗಳಲ್ಲಿ ಕೇಳಿಬರುತ್ತದೆ. ನನಗೆ ಸಿಟ್ಟು ಬರುವುದು ಇಲ್ಲಿ. ಸಾಲ ಮಾಡಿ ಕೊಂಡ, ಇನ್ನೂ ಗಟ್ಟಿಯಾಗಿರುವ ಯಂತ್ರವನ್ನು ದೂರದಲ್ಲಿ ಕೂತ ಯಾರೋ ಸತ್ತಿದೆ ಎಂದರೆ ನಾವು ಒಪ್ಪಿ ಹೂಳಬೇಕೇ? ನಮ್ಮ ಬಳಗ ಇದುವರೆಗೆ ಇಂಥ ಒಂಬತ್ತು ಯಂತ್ರಗಳಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿದೆ. ಅದಕ್ಕೆ ಹಣ ಕೊಡಬೇಕಿಲ್ಲ, 4 ಜಿ.ಬಿ. ಮೆಮೊರಿಯ ಹಳೆಯ ಯಂತ್ರದಲ್ಲೂ ನಡೆಯುತ್ತದೆ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್.ಎಸ್.ಡಿ. ಎಂಬ ವೇಗದ ಸಂಗ್ರಹ ಸಾಧನ ಕೂರಿಸಿದರೆ ಯಂತ್ರ ಎದ್ದು ನಿಲ್ಲುವ ಪರಿ ಬೇರೆಯೇ. ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ಪತ್ರ, ಲೆಕ್ಕ ಎಲ್ಲವೂ ಆಗುತ್ತವೆ. ವಿಂಡೋಸ್‌ನಲ್ಲಷ್ಟೇ ನಡೆಯುವ ಲೆಕ್ಕಪತ್ರದ ತಂತ್ರಾಂಶ ಬಳಸುವ ವ್ಯಾಪಾರಿಗಳಿಗೆ ಇದು ಸರಿಹೊಂದುವುದಿಲ್ಲ, ಅದನ್ನು ಮೊದಲೇ ಹೇಳುತ್ತೇವೆ.

ಮೋಸದ ಕರೆಗಳ ಬಗ್ಗೆ ಒಂದು ಭಾನುವಾರ ಮಾತಾಡಿದೆವು. ವಿಡಿಯೊ ಕರೆಯಲ್ಲಿ ಬಂಧಿಸುವ 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಹಣ ನಿಮಗೆ ಬರಬೇಕಾದರೆ ಯುಪಿಐ ಪಿನ್ ಒತ್ತುವ ಅಗತ್ಯವಿಲ್ಲ. ಹಣ ಹೋದದ್ದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಾಳೆಗೆ ಇಡಬೇಡಿ. ಇಷ್ಟನ್ನು ದಪ್ಪ ಅಕ್ಷರದಲ್ಲಿ ಬರೆದು ಕೋಣೆಯ ಬಾಗಿಲಿಗೆ ಅಂಟಿಸಿದ್ದೇವೆ.

ಸ್ಕ್ಯಾನಿಂಗ್ ಕೆಲಸ ಮಾತ್ರ ನಮ್ಮ ಕೈಮೀರಿ ಬೆಳೆಯುತ್ತಿದೆ. ಕಾರಣ ಬಾಗಲಕೋಟೆಯವರಿಗೆ ಹೇಳಬೇಕಿಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರು ನಾವು. ಟ್ರಂಕಿನಲ್ಲಿ ತುಂಬಿಕೊಂಡು ಬಂದ ಕಾಗದಗಳು, ಫೋಟೊಗಳು ಈಗ ಹಳದಿಯಾಗುತ್ತಿವೆ. ಎಷ್ಟೋ ಕಾಗದಗಳ ಮೇಲೆ ಇನ್ನೂ ವಿಜಾಪುರ ಜಿಲ್ಲೆ ಎಂದೇ ಇದೆ, ನಮ್ಮದು ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಯೋಜನೆ ಮುಂದಿದೆ. ಇನ್ನಷ್ಟು ಹಳ್ಳಿಗಳವರು ಟ್ರಂಕು ಕಟ್ಟಬೇಕಾಗುತ್ತದೆ. ಪಹಣಿ, ಮನೆಯ ಉತಾರ, ಪರಿಹಾರದ ಪತ್ರ ಇವನ್ನೆಲ್ಲ ಈಗಲೇ ಸ್ಕ್ಯಾನ್ ಮಾಡಿಡಿ. ಕಾಗದಕ್ಕೆ 300 ಡಿ.ಪಿ.ಐ., ಅಂದರೆ ಅಂಗುಲಕ್ಕೆ 300 ಚುಕ್ಕಿ, ಸಾಕು, ಫೋಟೊಗೆ 600 ಇರಲಿ. ಮೂರು ಪ್ರತಿ ಮಾಡಿ, ಎರಡು ಬಗೆಯ ಸಾಧನದಲ್ಲಿಡಿ, ಒಂದು ಪ್ರತಿ ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ಮೂಲ ಕಾಗದವನ್ನು ಯಾವ ಕಾರಣಕ್ಕೂ ಎಸೆಯಬೇಡಿ.

ಖರ್ಚಿನ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಬಾಗಿಲ ಬಳಿ ಒಂದು ಡಬ್ಬಿ ಇಡೋಣ, ಆದವರು ಆದಷ್ಟು ಹಾಕಲಿ, ಹಾಕದವರನ್ನು ಯಾರೂ ನೋಡದಿರಲಿ. ಸ್ಕ್ಯಾನರ್‌ನ ಗಾಜಿನ ಖರ್ಚನ್ನು ನಾನು ಹೊರುತ್ತೇನೆ. ನಿಮ್ಮ ಮನೆಯಲ್ಲಿ ಮೂಲೆ ಸೇರಿದ ಲ್ಯಾಪ್‌ಟಾಪ್, ಮೆಮೊರಿ ಪಟ್ಟಿ, ಸರಿಯಿರುವ ಚಾರ್ಜರ್ ಇದ್ದರೆ ತಂದುಕೊಡಿ. ಡಬ್ಬಿಯಿಂದ ಕರೆಂಟು ಬಿಲ್ಲು ತುಂಬದ ತಿಂಗಳು ಬಂದರೆ ಆಗ ಮತ್ತೆ ಕೂತು ಮಾತಾಡೋಣ.

ಮಾಸ್ತರರ ಪುಸ್ತಕ ಬಹುಪಾಲು ಸಿದ್ಧವಾಗಿದೆ. ಒಂದು ಅಧ್ಯಾಯ ಮಾತ್ರ ಉಳಿದಿದೆ. ಅದರಲ್ಲಿ ಅವರು ವೆಂಕಟಪೇಟೆಯ ತಮ್ಮ ಓಣಿಯ ಮನೆಗಳನ್ನು ಒಂದೊಂದಾಗಿ ಹೆಸರಿಸಿದ್ದಾರೆ: ಯಾರ ಕಟ್ಟೆಯ ಮೇಲೆ ಹೋಳಿಯ ಹಲಗೆಗಳನ್ನು ಕಾಯಿಸುತ್ತಿದ್ದರು, ಯಾರ ಅಂಗಳದ ಬೇವಿನ ಮರಕ್ಕೆ ನಾಗರಪಂಚಮಿಯ ಜೋಕಾಲಿ ಕಟ್ಟುತ್ತಿದ್ದರು ಎಂಬುದರವರೆಗೆ. ಮೂರು ಮನೆಗಳ ಮುಂದೆ ಚುಕ್ಕಿಗಳನ್ನಷ್ಟೇ ಹಾಕಿದ್ದಾರೆ, ಬರೆಯುವಾಗಲೇ ಆ ಹೆಸರುಗಳು ನೆನಪಾಗಿರಲಿಲ್ಲವಂತೆ. ಆ ಓಣಿಯಲ್ಲಿ ಬಾಳಿದವರು, ಅವರ ಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ. ಮಾಸ್ತರರು ಬಂದಿರುತ್ತಾರೆ.